ಕೆಮ್ಮಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರಬಹುದು, ಸರಿ. ಅದು ಕೆಲಸ ಮಾಡುತ್ತದಾ ಅಂತ ಪರೀಕ್ಷಿಸುವುದು ಹೇಗೆ?

ದೊಡ್ಡವರಲ್ಲಿ ಎಂಟು ವಾರ ದಾಟಿದರೂ ನಿಲ್ಲದ ಕೆಮ್ಮಿಗೆ ದೀರ್ಘಕಾಲದ ಕೆಮ್ಮು ಅನ್ನುತ್ತಾರೆ. ಇದರ ಕಷ್ಟ ಏನೆಂದರೆ, ಎಷ್ಟೋ ರೋಗಿಗಳ ಎಕ್ಸ್‌ರೇ ಚೆನ್ನಾಗಿರುತ್ತದೆ, ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶ ನೋಡುವ ಪರೀಕ್ಷೆ) ಚೆನ್ನಾಗಿರುತ್ತದೆ, ಕಫದ ಪರೀಕ್ಷೆಯಲ್ಲೂ ಏನೂ ಸಿಕ್ಕಿರುವುದಿಲ್ಲ, ಆದರೆ ಆ ಮನುಷ್ಯ ತಿಂಗಳುಗಟ್ಟಲೆ ನೆಟ್ಟಗೆ ನಿದ್ದೆ ಮಾಡಿರುವುದಿಲ್ಲ, ಮದುವೆ ಮನೆಗೆ ಹೋಗುವುದನ್ನೇ ಬಿಟ್ಟಿರುತ್ತಾನೆ. ಯಂತ್ರದಲ್ಲಿ ಕಾಣದ ಈ ತೊಂದರೆಯನ್ನು ಅಳೆಯಬೇಕಾದರೆ ರೋಗಿಯನ್ನೇ ಕೇಳಬೇಕು. ಕೇಳುವ ಪ್ರಶ್ನೆ ಅವರಿಗೆ ಅರ್ಥವಾಗುವಂತೆ ಇರಬೇಕು, ಅಷ್ಟೇ ವಿಷಯ. ಹೇಳಿದಷ್ಟು ಸುಲಭ ಅಲ್ಲ.

ಎಂಡಿ ಮಾಡುತ್ತಿರುವವರು, ಫಿಸಿಯೋಥೆರಪಿ ಅಥವಾ ನರ್ಸಿಂಗ್‌ನಲ್ಲಿ ಥೀಸಿಸ್ ಹಿಡಿದವರು, ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ಕನ್ನಡ ಮಾತಾಡುವ ರೋಗಿಗಳಿಗೆ ಬಳಸಬೇಕು ಅಂದುಕೊಂಡವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಉದಾಹರಣೆಗೆ ಲೆಸ್ಟರ್ ಕೆಮ್ಮಿನ ಪ್ರಶ್ನಾವಳಿಯನ್ನು ತೆಗೆದುಕೊಳ್ಳುತ್ತೇನೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಸುರಿಂದರ್ ಬಿರಿಂಗ್ ಮತ್ತು ಸಹೋದ್ಯೋಗಿಗಳು ಇದನ್ನು ಮಾಡಿ 2003ರಲ್ಲಿ ಥೊರಾಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದರಲ್ಲಿ 19 ಪ್ರಶ್ನೆಗಳಿವೆ. ದೇಹಕ್ಕೆ ಸಂಬಂಧಿಸಿದವು 8, ಮನಸ್ಸಿಗೆ ಸಂಬಂಧಿಸಿದವು 7, ಜನರ ಜೊತೆಗಿನ ಬದುಕಿಗೆ ಸಂಬಂಧಿಸಿದವು 4. ಪ್ರತಿ ಪ್ರಶ್ನೆಗೂ ಏಳು ಉತ್ತರಗಳ ಆಯ್ಕೆ. ಕೇಳುವುದು ಕಳೆದ ಎರಡು ವಾರದ ಬಗ್ಗೆ. ಜಗತ್ತಿನ ಹಲವು ಭಾಷೆಗಳಿಗೆ ಹೋಗಿರುವ ಪ್ರಶ್ನಾವಳಿ ಇದು. ನೀವು ಬೇರೆಯದನ್ನು ಆರಿಸಿಕೊಂಡಿದ್ದರೂ, ಇಂಗ್ಲೆಂಡಿನ ಹಲ್ ಅನ್ನುವ ಊರಿನಲ್ಲಿ ಮಾಡಿದ 14 ಪ್ರಶ್ನೆಗಳದ್ದೇ ಇರಲಿ, ಅಮೆರಿಕದ 28 ಪ್ರಶ್ನೆಗಳದ್ದೇ ಇರಲಿ, ದಾರಿ ಇದೇ.

ಮೊದಲು ಹುಡುಕಿ, ಆಮೇಲೆ ಅನುಮತಿ ಕೇಳಿ

ನೀವು ಅಂದುಕೊಂಡ ಪ್ರಶ್ನಾವಳಿ ಈಗಾಗಲೇ ಕನ್ನಡದಲ್ಲಿ ಇದೆಯಾ ಅಂತ ಮೊದಲು ನೋಡಿ. ವೈದ್ಯಕೀಯ ಲೇಖನಗಳ ಪಟ್ಟಿಯಿರುವ ಪಬ್‌ಮೆಡ್‌ನಲ್ಲಿ ಹುಡುಕಿದರೆ ಸಾಲದು. ಎಷ್ಟೋ ಅನುವಾದಗಳು ಪ್ರಕಟವೇ ಆಗಿರುವುದಿಲ್ಲ, ಔಷಧ ಪ್ರಯೋಗಕ್ಕೆಂದು ಮಾಡಿಸಿ ಮೂಲ ಪ್ರಶ್ನಾವಳಿಯ ಹಕ್ಕುದಾರರ ಕಡತದಲ್ಲಿ ಉಳಿದಿರುತ್ತವೆ, ಇಲ್ಲವೇ ಯಾವುದೋ ಕಾಲೇಜಿನ ಗ್ರಂಥಾಲಯದ ಥೀಸಿಸ್‌ನೊಳಗೆ ಮಲಗಿರುತ್ತವೆ. ಹಕ್ಕುದಾರರಿಗೆ ಇಮೇಲ್ ಬರೆದು ಎರಡನ್ನೂ ಒಟ್ಟಿಗೆ ಕೇಳಿ: ಕನ್ನಡ ಆವೃತ್ತಿ ಇದೆಯೇ, ಇಲ್ಲದಿದ್ದರೆ ಮಾಡಲು ಒಪ್ಪಿಗೆ ಕೊಡುತ್ತೀರಾ. ಉತ್ತರ ಬರಲು ವಾರಗಟ್ಟಲೆ ಹಿಡಿಯಬಹುದು, ಹಾಗಾಗಿ ಸಿನಾಪ್ಸಿಸ್ (ಥೀಸಿಸ್‌ನ ಯೋಜನೆ) ಬರೆಯುವ ಮುಂಚೆಯೇ ಕಳಿಸಿಬಿಡಿ. ಅನುಮತಿ ಇಲ್ಲದೆ ಅನುವಾದ ಮಾಡಿ, ರೋಗಿಗಳನ್ನೆಲ್ಲಾ ಕೇಳಿ ಮುಗಿಸಿದ ಮೇಲೆ ಪತ್ರಿಕೆಯವರು ಅನುಮತಿ ಪತ್ರ ಎಲ್ಲಿ ಅಂದರೆ ಕೊಡಲು ಏನೂ ಇರುವುದಿಲ್ಲ.

ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕೇ ಬೇಕು. ಸುಮ್ನೆ ಪ್ರಶ್ನೆ ಕೇಳುವುದು ತಾನೇ, ಸೂಜಿ ಚುಚ್ಚುವುದಿಲ್ಲವಲ್ಲ ಅನ್ನುವ ವಾದ ನಡೆಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇಂಥ ಅಧ್ಯಯನಗಳಿಗೂ ಅನ್ವಯಿಸುತ್ತದೆ. ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರವನ್ನೂ ಓದಿದರೆ ಅರ್ಥವಾಗುವ ಕನ್ನಡದಲ್ಲೇ ಬರೆಯಿರಿ.

ಅನುವಾದದ ಹಂತ

2005ರಲ್ಲಿ ಐಸ್ಪೋರ್ ಅನ್ನುವ ಅಂತರರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆಯ ಕಾರ್ಯಪಡೆ ಹತ್ತು ಹಂತಗಳ ಒಂದು ಕ್ರಮವನ್ನು ಪ್ರಕಟಿಸಿತು. ಹೆಚ್ಚಿನವರು ಅದನ್ನೇ ಹಿಡಿಯುತ್ತಾರೆ. ಅದರ ತಿರುಳು ಹೀಗಿದೆ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರುತ್ತಾರೆ. ಎರಡನ್ನೂ ಎದುರಿಗಿಟ್ಟುಕೊಂಡು ಒಂದು ಮಾಡುತ್ತೀರಿ. ಮೂಲವನ್ನು ನೋಡಿಯೇ ಇಲ್ಲದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷ್‌ಗೆ ತರುತ್ತಾರೆ. ಅದನ್ನು ಮೂಲದ ಜೊತೆ ಹೋಲಿಸಿ ತಿದ್ದುತ್ತೀರಿ. ಆಮೇಲೆ ರೋಗಿಗಳ ಮುಂದಿಡುತ್ತೀರಿ.

ಅನುವಾದಕರಲ್ಲಿ ಒಬ್ಬರಿಗೆ ವೈದ್ಯಕೀಯ ಗೊತ್ತಿರಲಿ, ಇನ್ನೊಬ್ಬರಿಗೆ ಗೊತ್ತಿಲ್ಲದಿರಲಿ. ಸಾಧ್ಯವಾದರೆ ಒಬ್ಬರು ಮೈಸೂರು, ಮಂಡ್ಯ ಕಡೆಯವರು, ಒಬ್ಬರು ಧಾರವಾಡ ಅಥವಾ ಕಲಬುರಗಿ ಕಡೆಯವರು ಇರಲಿ. ಇಬ್ಬರೂ ಬೆಂಗಳೂರಿನ ಒಂದೇ ವಿಭಾಗದವರಾದರೆ ಎರಡೂ ಕರಡು ಒಂದೇ ಥರ ಬರುತ್ತವೆ, ಕೂತು ಚರ್ಚೆ ಮಾಡಲು ಏನೂ ಉಳಿಯುವುದಿಲ್ಲ.

ಇಂಗ್ಲಿಷ್‌ಗೆ ಹಿಂದಕ್ಕೆ ತರುವ ಹಂತವನ್ನು ಜನ ಜಾಸ್ತಿ ನಂಬುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಯಾಕೆಂದರೆ ಆ ಹಂತ ಪುಸ್ತಕದ ಪದಗಳಿಗೆ ಒಳ್ಳೆಯ ಅಂಕ ಕೊಡುತ್ತದೆ. ‘ಫ್ರಸ್ಟ್ರೇಟೆಡ್’ ಅನ್ನುವುದಕ್ಕೆ ‘ಹತಾಶೆ’ ಅಂತ ಬರೆದರೆ ಅದು ಹಿಂದಕ್ಕೆ ಹೋಗುವಾಗ ಕಣ್ಣು ಮುಚ್ಚಿಕೊಂಡು ‘ಫ್ರಸ್ಟ್ರೇಟೆಡ್’ ಆಗುತ್ತದೆ, ಎಲ್ಲರಿಗೂ ಖುಷಿ. ಆದರೆ ಓಪಿಡಿಗೆ ಬಂದ ಅಜ್ಜಿ ‘ಹತಾಶೆ’ ಅನ್ನುವ ಪದವನ್ನು ತನ್ನ ಕೆಮ್ಮಿನ ಬಗ್ಗೆ ಯಾವತ್ತೂ ಬಳಸಿರುವುದಿಲ್ಲ. ಅದೇ ‘ಏನು ಮಾಡಿದರೂ ಹೋಗ್ತಿಲ್ಲವಲ್ಲ ಅಂತ ಚಡಪಡಿಕೆ ಆಗುತ್ತಾ’ ಅಂತ ಬರೆದರೆ ಅವರಿಗೆ ತಕ್ಷಣ ತಿಳಿಯುತ್ತದೆ, ಹಿಂದಕ್ಕೆ ತಂದಾಗ ಮಾತ್ರ ಮೂಲಕ್ಕಿಂತ ಬೇರೆಯಾಗಿ ಕಾಣುತ್ತದೆ. ಹೀಗೆ ಬೇರೆಯಾಗಿ ಕಂಡಾಗ ಹೆದರಿ ಪುಸ್ತಕದ ಪದಕ್ಕೆ ವಾಪಸ್ ಹೋಗಬೇಡಿ. ಯಾಕೆ ಆ ಮಾತನ್ನು ಆರಿಸಿದಿರಿ ಅಂತ ಒಂದು ಸಾಲು ಬರೆದಿಟ್ಟು ಮೂಲ ಲೇಖಕರಿಗೂ ವಿವರಿಸಿ.

ರೋಗಿಗಳ ಜೊತೆ ಕೂತು ಕೇಳುವುದು

ಇಡೀ ಕೆಲಸದಲ್ಲಿ ಜೀವಾಳ ಇದೇ. ಥೀಸಿಸ್‌ಗಳಲ್ಲಿ ಅತಿ ಕಡಿಮೆ ಜಾಗ ಸಿಗುವುದೂ ಇದಕ್ಕೇ, ‘ಹತ್ತು ರೋಗಿಗಳಿಗೆ ಕೊಟ್ಟು ನೋಡಲಾಯಿತು, ಎಲ್ಲರಿಗೂ ಅರ್ಥವಾಯಿತು’ ಅನ್ನುವ ಒಂದೇ ವಾಕ್ಯ. ಎಲ್ಲರಿಗೂ ಎಲ್ಲವೂ ಅರ್ಥವಾಯಿತು ಅಂದರೆ ನೀವು ಸರಿಯಾಗಿ ಕೇಳಿಲ್ಲ ಅಂತಲೇ ನಾನು ತಿಳಿಯುತ್ತೇನೆ. ನಮ್ಮಲ್ಲಿ ಬಿಳಿ ಕೋಟು ಹಾಕಿದವರು ‘ಅರ್ಥ ಆಯ್ತಾ?’ ಅಂದರೆ ‘ಹೂಂ ಸಾರ್, ಆಯ್ತು’ ಅಂತಲೇ ಉತ್ತರ ಬರುವುದು. ಆದ್ದರಿಂದ ಆ ಪ್ರಶ್ನೆಯನ್ನು ಕೇಳಲೇಬೇಡಿ. ಅದರ ಬದಲು ಹೀಗೆ ಕೇಳಿ: ‘ಈ ಪ್ರಶ್ನೆ ಏನು ಕೇಳ್ತಾ ಇದೆ, ನಿಮ್ಮ ಮಾತಲ್ಲೇ ಹೇಳಿ ಅಮ್ಮಾ.’ ‘ಈ ಉತ್ತರ ಯಾಕೆ ಆರಿಸಿದ್ರಿ?’ ‘ಇದನ್ನೇ ನಿಮ್ಮ ಪಕ್ಕದ ಮನೆಯವರಿಗೆ ಕೇಳಬೇಕಾದರೆ ಹೇಗೆ ಕೇಳ್ತೀರಿ?’ ಮೂರನೆಯ ಪ್ರಶ್ನೆಗೆ ಬರುವ ಉತ್ತರವನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಿ. ನಿಮಗೆ ಬೇಕಾದ ವಾಕ್ಯ ಎಷ್ಟೋ ಸಲ ಅಲ್ಲೇ ಸಿಗುತ್ತದೆ.

ಐಸ್ಪೋರ್ ಕ್ರಮದಲ್ಲಿ ಇದಕ್ಕೆ 5ರಿಂದ 8 ಜನ ಸಾಕು ಅನ್ನುತ್ತಾರೆ. ಕರ್ನಾಟಕಕ್ಕೆ ಅದು ಕಡಿಮೆ. ಓದಿದವರು, ಓದದವರು, ಹೆಂಗಸರು, ಗಂಡಸರು, ದಕ್ಷಿಣದವರು, ಉತ್ತರದವರು, ಕರಾವಳಿಯವರು ಎಲ್ಲಾ ಸೇರಬೇಕಾದರೆ ಅದರ ಎರಡು ಮೂರು ಪಟ್ಟು ಬೇಕಾಗುತ್ತದೆ. ಎರಡು ಸುತ್ತು ಮಾಡಿ. ಮೊದಲ ಸುತ್ತಿನಲ್ಲಿ ಸಿಕ್ಕ ತೊಡಕುಗಳನ್ನು ತಿದ್ದಿ, ತಿದ್ದಿದ್ದನ್ನು ಹೊಸ ರೋಗಿಗಳ ಮುಂದಿಡಿ.

ಎಲ್ಲೆಲ್ಲಿ ಎಡವುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಕೇಳುವುದು ಸುಲಭ. ಹಾಗಾಗಿ ಕೆಲವನ್ನು ಇಲ್ಲಿ ಹೇಳುತ್ತೇನೆ.

‘ಕಳೆದ ಎರಡು ವಾರಗಳಲ್ಲಿ’ ಅನ್ನುವುದು ಕಾಗದದ ಮಾತು. ನಮ್ಮ ಜನ ‘ಹದಿನೈದು ದಿನ’ ಅನ್ನುತ್ತಾರೆ. ಹಾಗೇ ಬರೆಯಿರಿ, ಒಂದು ದಿನದ ವ್ಯತ್ಯಾಸದಿಂದ ಏನೂ ಕೆಡುವುದಿಲ್ಲ. ಕೇಳುವವರು ಆ ಹದಿನೈದು ದಿನಕ್ಕೆ ಹತ್ತಿರ ಬರುವ ಒಂದು ಗುರುತನ್ನೂ ಕೊಟ್ಟರೆ ಒಳ್ಳೆಯದು: ‘ಹೋದ ಅಮಾವಾಸ್ಯೆಯಿಂದ ಈಚೆಗೆ’, ‘ಹೋದ ಸಂತೆಗಿಂತ ಹಿಂದಿನ ಸಂತೆಯಿಂದ’. ಇಲ್ಲದಿದ್ದರೆ ಕೆಮ್ಮು ಶುರುವಾದ ದಿನದಿಂದ ಇವತ್ತಿನವರೆಗಿನ ಕಥೆಯನ್ನೆಲ್ಲಾ ಲೆಕ್ಕಕ್ಕೆ ಹಿಡಿದು ಉತ್ತರ ಹೇಳುತ್ತಾರೆ.

ಮೂಲದಲ್ಲಿ ಬಣ್ಣದ ವಾಸನೆ, ಹೊಗೆ ತಗುಲಿದಾಗ ಕೆಮ್ಮು ಬರುತ್ತದಾ ಅಂತ ಒಂದು ಪ್ರಶ್ನೆ ಇದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಬಣ್ಣದ ವಾಸನೆ ಬರುವುದು ಯಾವಾಗಲೋ ಒಮ್ಮೆ ಸುಣ್ಣ ಬಣ್ಣ ಮಾಡಿಸಿದಾಗ. ದಿನಾ ಕೆಮ್ಮು ಎಬ್ಬಿಸುವುದು ಒಗ್ಗರಣೆಯ ಘಾಟು, ಸೌದೆ ಒಲೆಯ ಹೊಗೆ, ಊದುಬತ್ತಿ, ಬ್ಯಾಡಗಿ ಕಡೆಯಾದರೆ ಮೆಣಸಿನಕಾಯಿಯ ಘಾಟು. ‘ಘಾಟು’ ಅನ್ನುವ ಪದ ಈ ಪ್ರಶ್ನೆಗೆ ಹೇಳಿ ಮಾಡಿಸಿದಂತಿದೆ. ಆದರೆ ಉದಾಹರಣೆ ಬದಲಾಯಿಸುವಾಗ ಹಕ್ಕುದಾರರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ, ಯಾಕೆಂದರೆ ಅದು ಬರೀ ಅನುವಾದ ಅಲ್ಲ, ಪ್ರಶ್ನೆಯನ್ನೇ ಸ್ವಲ್ಪ ಸರಿಸಿದಂತೆ.

‘ಫ್ರಸ್ಟ್ರೇಟೆಡ್’ ಮತ್ತು ‘ಫೆಡ್ ಅಪ್’ ಮೂಲದಲ್ಲಿ ಎರಡು ಬೇರೆ ಪ್ರಶ್ನೆಗಳು, ಒಂದರ ಹಿಂದೆ ಒಂದು ಬರುತ್ತವೆ. ಎರಡಕ್ಕೂ ‘ಬೇಸರ’ ಅಂತ ಹಾಕಿದರೆ ರೋಗಿ ‘ಈಗ ತಾನೇ ಹೇಳಿದೆನಲ್ಲ’ ಅನ್ನುತ್ತಾರೆ. ಮೊದಲನೆಯದರಲ್ಲಿ ಚಡಪಡಿಕೆ ಇದೆ, ಎರಡನೆಯದು ‘ಸಾಕಪ್ಪಾ ಸಾಕು, ರೋಸಿ ಹೋಗಿದೆ’ ಅನ್ನುವ ಸ್ಥಿತಿ. ಈ ವ್ಯತ್ಯಾಸ ಕನ್ನಡದಲ್ಲಿ ಉಳಿಯಲೇಬೇಕು.

ಕೆಮ್ಮು ನಿಮ್ಮ ಹತೋಟಿಯಲ್ಲಿತ್ತಾ ಅನ್ನುವ ಪ್ರಶ್ನೆ, ಮೈಯಲ್ಲಿ ಚೆನ್ನಾಗಿ ಶಕ್ತಿ ಇತ್ತಾ ಅನ್ನುವ ಪ್ರಶ್ನೆ, ಇವೆರಡು ಒಳ್ಳೆಯದನ್ನು ಕೇಳುತ್ತವೆ. ಉಳಿದವು ತೊಂದರೆಯನ್ನು ಕೇಳುತ್ತವೆ. ಅಭ್ಯಾಸಬಲದಿಂದ ರೋಗಿ ಒಂದೇ ಕಡೆ ಟಿಕ್ ಹಾಕುತ್ತಾ ಹೋಗುತ್ತಾರೆ. ಇಲ್ಲಿ ಉತ್ತರಗಳ ಕ್ರಮ ತಿರುಗುತ್ತದೆ ಅನ್ನುವುದನ್ನು ಮುದ್ರಣದಲ್ಲಿ ಎದ್ದು ಕಾಣುವಂತೆ ಮಾಡಿ, ಕೇಳುವವರು ಕೂಡ ಆ ಜಾಗದಲ್ಲಿ ಒಂದು ಕ್ಷಣ ನಿಲ್ಲಬೇಕು. ಹತೋಟಿಯ ಪ್ರಶ್ನೆಯಲ್ಲಿ ಇನ್ನೊಂದು ತೊಡಕಿದೆ. ‘ಮಾತ್ರೆ ತಗೊಂಡರೆ ಹತೋಟಿಗೆ ಬರುತ್ತೆ’ ಅಂತ ಕೆಲವರು ಔಷಧದ ಬಗ್ಗೆ ಉತ್ತರಿಸುತ್ತಾರೆ.

ದೊಡ್ಡ ಕಾಯಿಲೆ ಇರಬಹುದು ಅನ್ನುವ ಭಯ, ಜನ ಏನಂದುಕೊಳ್ಳುತ್ತಾರೋ ಅನ್ನುವ ಆತಂಕ, ಈ ಎರಡು ಪ್ರಶ್ನೆಗಳು ಬಂದಾಗ ನಿಧಾನ ಮಾಡಿ. ನಮ್ಮಲ್ಲಿ ಕೆಮ್ಮು ಅಂದ ತಕ್ಷಣ ಟಿಬಿ ನೆನಪಾಗುತ್ತದೆ, 2020ರ ನಂತರ ಕೊರೊನಾ ಕೂಡ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋದದ್ದು, ಸೊಸೆ ಲೋಟ ಬೇರೆ ಇಟ್ಟದ್ದು, ಇಂಥವೆಲ್ಲಾ ಈ ಪ್ರಶ್ನೆಯಲ್ಲೇ ಹೊರಗೆ ಬರುವುದು. ಹಾಗಂತ ಪ್ರಶ್ನೆಯೊಳಗೆ ಟಿಬಿ ಅಂತ ಬರೆಯಬೇಡಿ. ಬರೆದರೆ ಇಲ್ಲದ ಭಯವನ್ನು ನೀವೇ ಹುಟ್ಟಿಸಿದಂತಾಗುತ್ತದೆ. ಈ ಭಾಗವನ್ನು ಕೇಳುವಾಗ ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವುದು ಒಳ್ಳೆಯದು. ಮನೆಯವರಿಗೆ ನಿಮ್ಮ ಕೆಮ್ಮಿನಿಂದ ಕಿರಿಕಿರಿ ಆಗಿದೆಯಾ ಅನ್ನುವ ಪ್ರಶ್ನೆಯನ್ನು ಗಂಡನ ಎದುರಿಗೇ ಕೇಳಿದರೆ ನಿಜವಾದ ಉತ್ತರ ಬರುವುದು ಕಷ್ಟ, ಅಲ್ವಾ?

ಇನ್ನೊಂದು ವಿಷಯ. ಕೆಮ್ಮಿದಾಗ ಮೂತ್ರ ಹೋಗಿಬಿಡುವುದು ಹೆಂಗಸರಿಗೆ ತುಂಬಾ ಕಾಡುವ ತೊಂದರೆ. ಅಮೆರಿಕದ ಪ್ರಶ್ನಾವಳಿಯಲ್ಲಿ ಅದು ಇದೆ, ಲೆಸ್ಟರ್‌ನದರಲ್ಲಿ ಇಲ್ಲ. ‘ಈ ಪ್ರಶ್ನೆಗಳಲ್ಲಿ ಕೇಳದೇ ಇರುವ ಯಾವುದಾದರೂ ತೊಂದರೆ ನಿಮಗಿದೆಯಾ?’ ಅಂತ ಕೊನೆಗೆ ಕೇಳಿ, ಸಾಧ್ಯವಾದರೆ ಮಹಿಳೆಯೊಬ್ಬರು ಕೇಳಲಿ. ಬಂದ ಉತ್ತರವನ್ನು ಹೊಸ ಪ್ರಶ್ನೆಯಾಗಿ ಸೇರಿಸುವ ಹಾಗಿಲ್ಲ, ಅಂಕದ ಲೆಕ್ಕ ಕೆಟ್ಟುಹೋಗುತ್ತದೆ. ಆದರೆ ವರದಿಯಲ್ಲಿ ಬರೆಯಲೇಬೇಕು. ಆ ರೋಗಿಗೆ ಸಿಗಬೇಕಾದ ಸಲಹೆಯೂ ಅವತ್ತೇ ಸಿಗಬೇಕು.

ಏಳು ಉತ್ತರಗಳ ತೊಂದರೆ

ಪ್ರಶ್ನೆಗಿಂತ ಉತ್ತರಗಳೇ ಜಾಸ್ತಿ ಕಾಡುತ್ತವೆ. ‘ಯಾವಾಗಲೂ’ದಿಂದ ‘ಒಮ್ಮೆಯೂ ಇಲ್ಲ’ವರೆಗೆ ಏಳು ಮೆಟ್ಟಿಲು. ನಡುವೆ ‘ಸಾಕಷ್ಟು ಸಲ’, ‘ಕೆಲವು ಸಲ’, ‘ಸ್ವಲ್ಪ ಸಲ’, ‘ತೀರಾ ಅಪರೂಪಕ್ಕೆ’ ಅಂತೆಲ್ಲಾ ಬರೆದರೆ ಯಾವುದು ಹೆಚ್ಚು, ಯಾವುದು ಕಡಿಮೆ ಅಂತ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣಬಹುದು. ಇದನ್ನು ಪರೀಕ್ಷಿಸಲು ಒಂದು ಸರಳ ದಾರಿ ಇದೆ. ಏಳು ಮಾತನ್ನು ಏಳು ಚೀಟಿಯಲ್ಲಿ ಬರೆದು, ಕಲಸಿ ಕೊಟ್ಟು, ಜಾಸ್ತಿಯಿಂದ ಕಡಿಮೆಗೆ ಜೋಡಿಸಿ ಅನ್ನಿ. ಓದಲು ಬಾರದವರಿಗೆ ಎರಡೆರಡು ಮಾತನ್ನು ಹೇಳಿ ‘ಇದರಲ್ಲಿ ಯಾವುದು ಜಾಸ್ತಿ?’ ಅಂತ ಕೇಳಿ. ಯಾವ ಎರಡು ಚೀಟಿ ಪದೇ ಪದೇ ಅದಲು ಬದಲಾಗುತ್ತವೋ ಆ ಎರಡು ಮಾತು ಬದಲಾಗಬೇಕು. ಏಳನ್ನು ಐದಕ್ಕೆ ಇಳಿಸುವ ಆಸೆ ಬರುತ್ತದೆ. ಇಳಿಸಬೇಡಿ, ಬೇರೆ ದೇಶಗಳ ಅಂಕಗಳ ಜೊತೆ ಹೋಲಿಸುವ ದಾರಿಯೇ ಮುಚ್ಚಿಹೋಗುತ್ತದೆ.

ಯಾರನ್ನು ಸೇರಿಸಿಕೊಳ್ಳಬೇಕು, ಎಷ್ಟು ಜನ

ಎಂಟು ವಾರ ದಾಟಿದ ಕೆಮ್ಮಿರುವ ದೊಡ್ಡವರು. ನಮ್ಮಲ್ಲಿ ಎರಡು ವಾರ ಕೆಮ್ಮಿದ್ದರೇ ಟಿಬಿ ಪರೀಕ್ಷೆ ಮಾಡಬೇಕು ಅನ್ನುವ ನಿಯಮ ಇರುವುದರಿಂದ ಕಫದ ಪರೀಕ್ಷೆ, ಎಕ್ಸ್‌ರೇ ಮುಗಿದಿರಲಿ. ಎನಲಾಪ್ರಿಲ್, ರಾಮಿಪ್ರಿಲ್ ಥರದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ ನೋಡಿ, ಅವುಗಳಿಂದಲೇ ಒಣಕೆಮ್ಮು ಬರಬಹುದು. ಇತ್ತೀಚೆಗೆ ನೆಗಡಿ, ಜ್ವರ ಬಂದವರನ್ನು ಸದ್ಯಕ್ಕೆ ಬಿಡಿ. ಉಬ್ಬಸ, ಹೊಟ್ಟೆಯ ಆಮ್ಲ ಮೇಲೆ ಬರುವ ತೊಂದರೆ, ಮೂಗು ಮತ್ತು ಸೈನಸ್‌ನ ತೊಂದರೆ, ಕಾರಣವೇ ಸಿಗದವರು, ಎಲ್ಲಾ ಥರದವರೂ ಇರಲಿ.

ಸಂಖ್ಯೆಗೆ ಕಾಸ್ಮಿನ್ ಅನ್ನುವ, ಪ್ರಶ್ನಾವಳಿಗಳನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡವನ್ನು ನೋಡಬಹುದು. ಹೆಚ್ಚಿನ ಪರೀಕ್ಷೆಗಳಿಗೆ 100 ಜನ ಇದ್ದರೆ ತುಂಬಾ ಒಳ್ಳೆಯದು, 50 ದಾಟಿದರೆ ನಡೆಯುತ್ತದೆ, 30ಕ್ಕಿಂತ ಕಡಿಮೆಯಾದರೆ ಆಗುವುದಿಲ್ಲ. ಪ್ರಶ್ನೆಗಳು ಮೂರು ಗುಂಪಾಗಿ ನಿಲ್ಲುತ್ತವೆಯೇ ಅಂತ ಫ್ಯಾಕ್ಟರ್ ವಿಶ್ಲೇಷಣೆ ಮಾಡಬೇಕಾದರೆ ಪ್ರಶ್ನೆಯೊಂದಕ್ಕೆ 7 ಜನರಂತೆ 19ಕ್ಕೆ 133 ಜನ ಬೇಕು. ಅಷ್ಟು ಜನ ಸಿಗದಿದ್ದರೆ ಆ ವಿಶ್ಲೇಷಣೆಯನ್ನು ಬಿಡಿ. 60 ಜನರ ಮೇಲೆ ಮಾಡಿದ ಫ್ಯಾಕ್ಟರ್ ವಿಶ್ಲೇಷಣೆಯಿಂದ ಯಾರಿಗೂ ಉಪಯೋಗ ಇಲ್ಲ.

ಮನೆಮಾತು ಯಾವುದು ಅಂತ ಬರೆದುಕೊಳ್ಳಿ. ಮಂಗಳೂರಿನಲ್ಲಿ ಕನ್ನಡ ಓದುವವರ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಇರುತ್ತದೆ, ಕಲಬುರಗಿ, ಬೀದರ್ ಕಡೆ ಉರ್ದು, ಮರಾಠಿ, ತೆಲುಗು. ಅವರನ್ನು ಹೊರಗಿಡಬೇಡಿ. ನಾಳೆ ಈ ಪ್ರಶ್ನಾವಳಿ ತುಂಬುವವರು ಅವರೇ.

ಕೇಳುವ ವಿಧಾನ ಒಂದೇ ಇರಲಿ

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಸುಮಾರು 75 ಶೇಕಡಾ. ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ತಾವೇ ಓದಿ ತುಂಬುವವರು ಇನ್ನೂ ಕಡಿಮೆ. ಮೂಲ ಪ್ರಶ್ನಾವಳಿ ರೋಗಿ ತಾನೇ ತುಂಬಲೆಂದು ಮಾಡಿದ್ದು. ಓದಿ ಹೇಳಿದರೆ ಜನ ಸ್ವಲ್ಪ ಮರ್ಯಾದೆಯ ಉತ್ತರ ಕೊಡುತ್ತಾರೆ, ತೊಂದರೆಯನ್ನು ಕಡಿಮೆ ಮಾಡಿ ಹೇಳುತ್ತಾರೆ. ಎರಡೂ ಬಗೆ ಬೇಕಾದರೆ ಎರಡನ್ನೂ ಮಾಡಿ, ಆದರೆ ಯಾರಿಗೆ ಯಾವ ಬಗೆ ಅಂತ ಗುರುತು ಮಾಡಿ, ಲೆಕ್ಕ ಬೇರೆ ಬೇರೆ ತೆಗೆಯಿರಿ. ಓದಿ ಹೇಳುವವರಿಗೆ ಬರೆದ ಸೂಚನೆ ಕೊಡಿ: ಇದ್ದ ಹಾಗೆ ಓದಬೇಕು, ಅರ್ಥವಾಗದಿದ್ದರೆ ಇನ್ನೊಮ್ಮೆ ಓದಬೇಕು, ತಮ್ಮ ಮಾತಿನಲ್ಲಿ ವಿವರಿಸಬಾರದು. ಚಿಕಿತ್ಸೆ ಕೊಡುವ ವೈದ್ಯರೇ ಕೇಳಬಾರದು.

ಅಂಕ ಹಾಕುವುದು

ಪ್ರತಿ ಗುಂಪಿನ ಅಂಕ ಕೂಡಿ, ಆ ಗುಂಪಿನ ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸಿ. ಪ್ರತಿ ಗುಂಪೂ 1ರಿಂದ 7ರ ನಡುವೆ ಬರುತ್ತದೆ, ಮೂರೂ ಕೂಡಿದರೆ ಒಟ್ಟು 3ರಿಂದ 21. ದೇಹದ ಎಂಟು ಪ್ರಶ್ನೆಗೆ 36 ಬಂದರೆ 4.5, ಮನಸ್ಸಿನ ಏಳಕ್ಕೆ 28 ಬಂದರೆ 4.0, ಕೊನೆಯ ನಾಲ್ಕಕ್ಕೆ 14 ಬಂದರೆ 3.5, ಒಟ್ಟು 12. ಅಂಕ ಹೆಚ್ಚಾದಷ್ಟೂ ರೋಗಿ ಚೆನ್ನಾಗಿದ್ದಾರೆ ಅಂತ ಅರ್ಥ. ಇದು ತಲೆಯಲ್ಲಿರಲಿ, ಮುಂದೆ ಬೇರೆ ಅಳತೆಗಳ ಜೊತೆ ಹೋಲಿಸುವಾಗ ಬೇಕು.

ಈಗ ಲೆಕ್ಕ

ಮೊದಲು ಖಾಲಿ ಬಿಟ್ಟ ಉತ್ತರಗಳನ್ನು ನೋಡಿ. ಎಲ್ಲರೂ ಇದನ್ನು ಹಾರಿಸುತ್ತಾರೆ, ಆದರೆ ಬಹಳ ಸುದ್ದಿ ಸಿಗುವುದು ಇಲ್ಲೇ. ಕೆಲಸಕ್ಕೆ ತೊಂದರೆ ಆಯಿತಾ ಅನ್ನುವ ಪ್ರಶ್ನೆಯನ್ನು ಗೃಹಿಣಿಯರು, ನಿವೃತ್ತರು ಬಿಟ್ಟಿದ್ದಾರಾ? ಹಾಗಿದ್ದರೆ ಅವರು ‘ಕೆಲಸ’ ಅಂದರೆ ಸಂಬಳದ ಕೆಲಸ ಅಂತ ತಿಳಿದಿದ್ದಾರೆ, ಮನೆಗೆಲಸವನ್ನೂ ಸೇರಿಸಿ ಬರೆಯಬೇಕಿತ್ತು. ಜೊತೆಗೆ ನೂರಕ್ಕೆ 15ಕ್ಕಿಂತ ಹೆಚ್ಚು ಜನ ಅತಿ ಕಡಿಮೆ ಅಥವಾ ಅತಿ ಹೆಚ್ಚು ಅಂಕದಲ್ಲೇ ನಿಂತಿದ್ದಾರಾ ನೋಡಿ. ನಿಂತಿದ್ದರೆ ಅಲ್ಲಿಂದಾಚೆಗಿನ ಬದಲಾವಣೆಯನ್ನು ಈ ಅಳತೆ ಹಿಡಿಯಲಾರದು.

ಆಮೇಲೆ ಕ್ರೋನ್‌ಬಾಕ್ ಆಲ್ಫಾ. ಒಂದು ಗುಂಪಿನ ಪ್ರಶ್ನೆಗಳು ಒಂದೇ ದಿಕ್ಕಿನಲ್ಲಿ ಮಾತಾಡುತ್ತವೆಯಾ ಅಂತ ಹೇಳುವ ಸಂಖ್ಯೆ ಇದು. 0.70 ದಾಟಿರಬೇಕು. ಪ್ರತಿ ಗುಂಪಿಗೂ ಬೇರೆ ಬೇರೆ ತೆಗೆಯಿರಿ, ಬರೀ ಒಟ್ಟು 19ಕ್ಕೆ ತೆಗೆದರೆ ಪ್ರಶ್ನೆಗಳ ಸಂಖ್ಯೆಯ ಬಲದಿಂದಲೇ ಅದು ಮೇಲೆ ಹೋಗಿರುತ್ತದೆ. 0.95 ದಾಟಿದರೆ ಸಂತೋಷ ಪಡಬೇಡಿ, ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದೀರಿ ಅಂತ ಅನುಮಾನ ಪಡಿ. ಆ ‘ಬೇಸರ’ದ ಜೋಡಿ ಇಲ್ಲಿ ಸಿಕ್ಕಿಬೀಳುತ್ತದೆ. ಆಲ್ಫಾ ಚೆನ್ನಾಗಿ ಬಂದ ಮಾತ್ರಕ್ಕೆ ಪ್ರಶ್ನಾವಳಿ ಸರಿ ಇದೆ ಅಂತಲ್ಲ. ಎಲ್ಲರೂ ಒಂದೇ ಥರ ತಪ್ಪು ತಿಳಿದರೂ ಆಲ್ಫಾ ಚೆನ್ನಾಗೇ ಬರುತ್ತದೆ.

ಮೂರನೆಯದು, ಎರಡನೇ ಸಲ ಕೇಳುವುದು. ಸ್ಥಿತಿ ಬದಲಾಗದ ರೋಗಿಗೆ ಅದೇ ಅಂಕ ಬರುತ್ತದಾ ಅಂತ ನೋಡುವುದು ಇದರ ಉದ್ದೇಶ. ಪ್ರಶ್ನೆಗಳು ಹದಿನೈದು ದಿನದ ಬಗ್ಗೆ ಇರುವುದರಿಂದ ಎರಡು ವಾರದ ಅಂತರ ಸರಿಹೋಗುತ್ತದೆ. ಕಷ್ಟ ಏನೆಂದರೆ, ಮೊದಲ ಭೇಟಿಯಲ್ಲೇ ಔಷಧ ಶುರುವಾಗುತ್ತದೆ, ಎರಡು ವಾರದಲ್ಲಿ ಎಷ್ಟೋ ಜನರ ಕೆಮ್ಮು ಇಳಿಯಬಹುದು. ನಿಮ್ಮ ಅಧ್ಯಯನಕ್ಕಾಗಿ ಔಷಧ ತಡ ಮಾಡುವುದು ಖಂಡಿತಾ ತಪ್ಪು. ಹಳೆಯ ರೋಗಿಗಳನ್ನು ಆರಿಸಿಕೊಳ್ಳಿ, ತಿಂಗಳುಗಳಿಂದ ಒಂದೇ ಔಷಧದಲ್ಲಿರುವವರನ್ನು, ಯಾವ ಔಷಧಕ್ಕೂ ಬಗ್ಗದ ಕೆಮ್ಮಿರುವವರನ್ನು. ಎರಡನೇ ಸಲ ಕೇಳುವ ಮುಂಚೆ ‘ಹೋದ ಸಲಕ್ಕಿಂತ ಕೆಮ್ಮು ಕಡಿಮೆಯಾಗಿದೆಯಾ, ಹಾಗೇ ಇದೆಯಾ, ಜಾಸ್ತಿಯಾಗಿದೆಯಾ’ ಅಂತ ಒಂದು ಪ್ರಶ್ನೆ ಕೇಳಿ, ಹಾಗೇ ಇದೆ ಅಂದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಇವರೇ 50 ಜನ ಬೇಕು, ಆದ್ದರಿಂದ ಇನ್ನೂ ಹೆಚ್ಚು ಜನರನ್ನು ಕರೆಯಬೇಕಾಗುತ್ತದೆ.

ಕರೆದರೆ ಬರುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ಬಿತ್ತನೆ, ಸುಗ್ಗಿ ಸಮಯದಲ್ಲಿ ಹಳ್ಳಿಯವರು ಬರಲಾರರು. ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ಪ್ರಯಾಣದ ಖರ್ಚನ್ನು ಮೊದಲೇ ಬಜೆಟ್‌ನಲ್ಲಿಟ್ಟು ಎಥಿಕ್ಸ್ ಕಮಿಟಿಗೆ ತೋರಿಸಿ. ಫೋನಿನಲ್ಲಿ ಕೇಳುವುದಾದರೆ ಎರಡೂ ಸಲ ಫೋನಿನಲ್ಲೇ ಕೇಳಿ. ಮೊದಲ ಸಲ ಎದುರಿಗೆ, ಎರಡನೇ ಸಲ ಫೋನಿನಲ್ಲಿ ಕೇಳಿದರೆ ವ್ಯತ್ಯಾಸ ರೋಗಿಯದೋ ಫೋನಿನದೋ ಗೊತ್ತಾಗುವುದಿಲ್ಲ. ಮಳೆ ಹಿಡಿಯುವ ಹೊತ್ತು, ಚಳಿ ಶುರುವಾಗುವ ಹೊತ್ತು ಈ ಹಂತಕ್ಕೆ ಒಳ್ಳೆಯದಲ್ಲ.

ಇದರ ಲೆಕ್ಕಕ್ಕೆ ಐಸಿಸಿ ಬಳಸಿ, ಎರಡು ಸಲದ ಅಂಕಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಸಂಖ್ಯೆ ಅದು, 0.70 ಮೇಲಿರಬೇಕು. ಯಾವ ಮಾದರಿಯ ಐಸಿಸಿ ಅಂತ ಬರೆಯುವುದನ್ನು ಮರೆಯಬೇಡಿ. ಅಲ್ಲಿಗೇ ನಿಲ್ಲಿಸದೆ ಅಳತೆಯ ದೋಷವನ್ನೂ ತೆಗೆಯಿರಿ. ಒಂದರಿಂದ ಐಸಿಸಿ ಕಳೆದು, ಅದರ ವರ್ಗಮೂಲವನ್ನು ಅಂಕಗಳ ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಅನ್ನುವ ಅಳತೆ) ಗುಣಿಸಿದರೆ ದೋಷ ಸಿಗುತ್ತದೆ. ಅದನ್ನು 2.77ರಿಂದ ಗುಣಿಸಿದರೆ, ಒಬ್ಬ ರೋಗಿಯ ಅಂಕ ನಿಜವಾಗಿ ಬದಲಾಗಿದೆ ಅನ್ನಲು ಕನಿಷ್ಠ ಎಷ್ಟು ಬದಲಾಗಿರಬೇಕು ಅನ್ನುವುದು ಸಿಗುತ್ತದೆ. ಡೀವಿಯೇಶನ್ 3.5, ಐಸಿಸಿ 0.90 ಅಂತಿಟ್ಟುಕೊಳ್ಳಿ. ದೋಷ ಸುಮಾರು 1.1, ಕನಿಷ್ಠ ಬದಲಾವಣೆ ಸುಮಾರು 3.1. ಇಂಗ್ಲಿಷ್ ಮೂಲದಲ್ಲಿ ರೋಗಿಗೆ ಗೊತ್ತಾಗುವಷ್ಟು ಸುಧಾರಣೆ ಅಂದರೆ 1.3 ಅಂಕ ಅಂತ ಲೆಕ್ಕ ಹಾಕಿದ್ದಾರೆ. ಅಂದರೆ ಐಸಿಸಿ 0.90 ಬಂದರೂ, ಒಬ್ಬ ರೋಗಿಯ ಅಂಕ 1.3 ಏರಿತು ಅಂತ ಔಷಧ ಕೆಲಸ ಮಾಡಿತು ಅನ್ನುವ ಹಾಗಿಲ್ಲ. ನೂರು ಜನರ ಸರಾಸರಿ ಅಷ್ಟು ಏರಿದರೆ ಮಾತು ಬೇರೆ. ಈ ವ್ಯತ್ಯಾಸವನ್ನು ನಿಮ್ಮ ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ, ಓಪಿಡಿಯಲ್ಲಿ ಇದನ್ನು ಬಳಸುವ ವೈದ್ಯರಿಗೆ ಇದು ಬೇಕೇ ಬೇಕು.

ನಾಲ್ಕನೆಯದು, ಬೇರೆ ಅಳತೆಗಳ ಜೊತೆ ಹೋಲಿಕೆ. 100 ಮಿಲಿಮೀಟರ್ ಗೆರೆಯ ಮೇಲೆ ಕೆಮ್ಮು ಎಷ್ಟಿದೆ ಅಂತ ಗುರುತು ಹಾಕಿಸಬಹುದು, ಸಾಮಾನ್ಯ ಆರೋಗ್ಯದ ಪ್ರಶ್ನಾವಳಿಯೊಂದನ್ನೂ ಕೊಡಬಹುದು, ಅದರ ಕನ್ನಡ ಆವೃತ್ತಿ ಈಗಾಗಲೇ ಪರೀಕ್ಷೆಯಾಗಿದ್ದರೆ ಮಾತ್ರ. ಏನು ಬರಬೇಕು ಅಂತ ಮೊದಲೇ ಬರೆದಿಡಿ, ದತ್ತಾಂಶ ನೋಡಿದ ಮೇಲೆ ಅಲ್ಲ. ಉದಾಹರಣೆಗೆ: ಗೆರೆಯ ಅಳತೆಯ ಜೊತೆ ಸಂಬಂಧ (ಕೋರಿಲೇಶನ್) ಮೈನಸ್ 0.4ಕ್ಕಿಂತ ಬಲವಾಗಿರಬೇಕು, ಯಾಕೆಂದರೆ ಒಂದರಲ್ಲಿ ಹೆಚ್ಚು ಅಂದರೆ ಒಳ್ಳೆಯದು, ಇನ್ನೊಂದರಲ್ಲಿ ಹೆಚ್ಚು ಅಂದರೆ ಕೆಟ್ಟದ್ದು. ಆತಂಕದ ಅಳತೆಯ ಜೊತೆ ಮನಸ್ಸಿನ ಗುಂಪಿಗೆ ಇರುವ ಸಂಬಂಧ ದೇಹದ ಗುಂಪಿಗಿಂತ ಬಲವಾಗಿರಬೇಕು. ಸ್ಪೈರೋಮೆಟ್ರಿಯ ಜೊತೆ ಸಂಬಂಧ ದುರ್ಬಲವಾಗಿರಬೇಕು. ಹೀಗೆ ಬರೆದಿಟ್ಟ ಊಹೆಗಳಲ್ಲಿ ನಾಲ್ಕಕ್ಕೆ ಮೂರರಷ್ಟು ನಿಜವಾದರೆ ಕಾಸ್ಮಿನ್ ಪ್ರಕಾರ ಸಾಕು. ನಿಜವಾಗದ ಊಹೆಯನ್ನು ಮುಚ್ಚಿಡಬೇಡಿ.

ಇಷ್ಟೆಲ್ಲಾ ಲೆಕ್ಕವನ್ನು ದುಡ್ಡು ಕೊಡದೆಯೇ ಮಾಡಬಹುದು. ಜಮೋವಿ, ಜಾಸ್ಪ್ ಅನ್ನುವ ಎರಡೂ ತಂತ್ರಾಂಶಗಳು ಉಚಿತ, ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬರುವವರಿಗೆ ಸೈಕ್ ಮತ್ತು ಲಾವಾನ್ ಪ್ಯಾಕೇಜ್‌ಗಳಿವೆ.

ಔಷಧ ಕೊಟ್ಟ ಮೇಲೆ ಅಂಕ ಏರುತ್ತದಾ ಅನ್ನುವುದು ಕೊನೆಯ ಪರೀಕ್ಷೆ. ಥೀಸಿಸ್ ಅವಧಿಯಲ್ಲಿ ಮುಗಿಯದಿದ್ದರೆ ಅದನ್ನು ಮುಂದಿನವರಿಗೆ ಬಿಡಿ. ಆದರೆ ಅದು ಆಗಿಲ್ಲ ಅಂತ ಬರೆಯಿರಿ, ಇಲ್ಲದಿದ್ದರೆ ಯಾರೋ ಔಷಧ ಪ್ರಯೋಗಕ್ಕೆ ನೇರವಾಗಿ ಎತ್ತಿಕೊಳ್ಳುತ್ತಾರೆ.

ಮುಗಿದ ಮೇಲೆ

ಅಂತಿಮ ಕನ್ನಡ ಪ್ರಶ್ನಾವಳಿ, ಅಂಕ ಹಾಕುವ ಹಾಳೆ, ಓದಿ ಹೇಳುವವರಿಗೆ ಕೊಟ್ಟ ಸೂಚನೆ, ಯಾವ ಪ್ರಶ್ನೆಯಲ್ಲಿ ಯಾವ ಮಾತನ್ನು ಯಾಕೆ ಬದಲಾಯಿಸಿದಿರಿ ಅನ್ನುವ ಪಟ್ಟಿ, ಈ ನಾಲ್ಕನ್ನೂ ಒಟ್ಟಿಗೆ ಇಡಿ. ಒಂದು ಪ್ರತಿ ಹಕ್ಕುದಾರರಿಗೆ ಹೋಗಲಿ, ಅವರಲ್ಲಿ ಇಲ್ಲದಿದ್ದರೆ ಮುಂದಿನ ವರ್ಷ ಇನ್ನೊಂದು ಕಾಲೇಜಿನವರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಫಾಂಟ್ ಯೂನಿಕೋಡ್‌ನಲ್ಲೇ ಇರಲಿ, ಅಕ್ಷರ ಕನಿಷ್ಠ 14ರ ಗಾತ್ರದಲ್ಲಿರಲಿ. ಕಳಿಸುವ ಮುಂಚೆ ಒತ್ತಕ್ಷರಗಳು ಕಳಚಿ ಬಿದ್ದಿವೆಯಾ ಅಂತ ಪಿಡಿಎಫ್ ತೆರೆದು ನೋಡಿ, ಪ್ರಿಂಟ್ ತೆಗೆದು ಇನ್ನೊಮ್ಮೆ ನೋಡಿ.